ಶೀತದೇಶಗಳಲ್ಲಿ ಮನೆಗಾವಲು ಕ್ಯಾಮರಾ: ದೋಷಗಳೂ ಅವುಗಳ ಶೋಧನೆಯೂ

ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದ ಹಳೆಯ ವಿದ್ಯಾರ್ಥಿಯೊಬ್ಬರು ಅಮೆರಿಕದ ಮಿನಿಯಾಪೊಲಿಸ್ ನಗರದಿಂದ ನಮಗೊಂದು ಪತ್ರ ಬರೆದರು. ಮೈಸೂರಿನಿಂದ ಮಗನ ಮನೆಗೆ ಹೋಗಿದ್ದ ಅವರ ತಾಯಿಯವರು ಜನವರಿಯ ಒಂದು ಬೆಳಗ್ಗೆ, ಮೆಟ್ಟಿಲ ಮೇಲೆ ಬಿದ್ದ ಹಿಮವನ್ನು ನೋಡುವ ಕುತೂಹಲದಿಂದ, ಮನೆಯ ಉಡುಪಿನಲ್ಲಿಯೇ ಹೊರಗೆ ಕಾಲಿಟ್ಟರು. ಬಾಗಿಲು ತಾನಾಗಿ ಮುಚ್ಚಿಕೊಂಡು ಬೀಗ ಬಿದ್ದಿತು. ಸೊಸೆ ಮಹಡಿಯ ಮೇಲಿದ್ದರು. ಇಮ್ಮಡಿ ಗಾಜಿನ ಕಿಟಕಿಗಳುಳ್ಳ ಆ ಮನೆಯಲ್ಲಿ ಬಾಗಿಲು ತಟ್ಟಿದ ಸದ್ದು ಮೇಲಕ್ಕೆ ಕೇಳಿಸಲಿಲ್ಲ. ಬಾಗಿಲ ಪಕ್ಕದಲ್ಲಿ ಕ್ಯಾಮರಾ ಸಹಿತವಾದ ಕರೆಗಂಟೆಯೊಂದಿತ್ತು. ತಾಯಿಯವರು ಅದನ್ನು ಒತ್ತಿದರು, ಮತ್ತೆ ಮತ್ತೆ ಒತ್ತಿದರು. ಗಂಟೆ ಬಾರಿಸಲಿಲ್ಲ, ಮಗನ ದೂರವಾಣಿಗೆ ಚಿತ್ರವೂ ಹೋಗಲಿಲ್ಲ. ಹೊರಗಿನ ಉಷ್ಣತೆ ಸೊನ್ನೆಗಿಂತ ೨೪ ಡಿಗ್ರಿ ಕೆಳಗಿತ್ತು. ಎದುರುಮನೆಯ ಹೆಂಗಸು ಕಿಟಕಿಯಿಂದ ಕಂಡು ಓಡಿಬಂದು ಅವರನ್ನು ತನ್ನ ಮನೆಗೆ ಕರೆದೊಯ್ದುದರಿಂದ, ಬೆರಳುಗಳು ಮರಗಟ್ಟಿದುದನ್ನು ಬಿಟ್ಟರೆ ಹೆಚ್ಚಿನ ಕೇಡು ಸಂಭವಿಸಲಿಲ್ಲ.

ಹಿಂದಿನ ರಾತ್ರಿ ಅದೇ ಕರೆಗಂಟೆಯ ಬ್ಯಾಟರಿಯಲ್ಲಿ ನೂರಕ್ಕೆ ಅರುವತ್ತು ಪಾಲು ಶಕ್ತಿ ಉಳಿದಿದೆಯೆಂದು ದೂರವಾಣಿಯ ತೆರೆ ತೋರಿಸಿತ್ತು. ಮಗನು ಸಂಜೆ ಅದನ್ನು ಕಳಚಿ ಒಳಗೆ ತಂದು ಮೇಜಿನ ಮೇಲಿಟ್ಟಾಗ, ಒಂದು ಗಂಟೆಯ ತರುವಾಯ ಅದು ಏನೂ ಆಗದಂತೆ ಕೆಲಸಮಾಡತೊಡಗಿತು. ಯಂತ್ರವೇ ಕೆಟ್ಟಿರಬೇಕೆಂದು ಬಗೆದು ಹೊಸದೊಂದನ್ನು ತಂದು ಹಾಕಿದರು. ಹತ್ತು ದಿನಗಳ ಮೇಲೆ ಚಳಿ ಮತ್ತೆ ಹೆಚ್ಚಲು, ಹೊಸದೂ ಹಳೆಯದರಂತೆಯೇ ಮೌನ ತಾಳಿತು. “ಹೊರಗೆ ಸತ್ತು ಒಳಗೆ ಬದುಕುವ ಈ ಯಂತ್ರದ ಗುಟ್ಟೇನು? ಭೌತಶಾಸ್ತ್ರ ಓದಿದ ನನಗೆ ಇದು ತಿಳಿಯಬೇಕಾಗಿತ್ತಲ್ಲವೇ?” ಎಂದು ಆ ಮಿತ್ರರು ಪತ್ರದ ಕೊನೆಯಲ್ಲಿ ಕೇಳಿದ್ದರು.

ಆ ಪ್ರಶ್ನೆಗೆ ನಾವು ಆಗ ಬರೆದ ಉತ್ತರವನ್ನು ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇವೆ. ನಮ್ಮ ನಾಡಿನಲ್ಲಿ ಇಂಥ ಚಳಿಯಿಲ್ಲವೆಂಬುದು ನಿಜ. ಆದರೆ ಅಮೆರಿಕ, ಕೆನಡಾಗಳ ಶೀತನಗರಗಳಲ್ಲಿ ಇಂದು ಕನ್ನಡ ಕುಟುಂಬಗಳು ಅನೇಕ ನೆಲಸಿವೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಅಲ್ಲಿಗೆ ಹೋಗುವವರೇ. ಅದಲ್ಲದೆ, ಕಾಲೇಜಿನ ಪಾಠದಲ್ಲಿ ಬಿಡಿಬಿಡಿಯಾಗಿ ಕಲಿಯುವ ಆಂತರಿಕ ರೋಧ, ಇಬ್ಬನಿ ಬಿಂದು, ಉಷ್ಣವಿಕಿರಣ ಮೊದಲಾದ ವಿಷಯಗಳೆಲ್ಲ ಈ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಒಟ್ಟಿಗೆ ಕೆಲಸಮಾಡುವುದನ್ನು ಕಾಣಬಹುದಾದ್ದರಿಂದ, ಅಧ್ಯಾಪಕರಿಗೂ ಇದು ಉಪಯುಕ್ತವಾದೀತೆಂದು ನಂಬಿದ್ದೇವೆ.

೧. ಚಳಿಯ ಪ್ರಮಾಣ

ಮಿನಿಯಾಪೊಲಿಸ್‌ನಲ್ಲಿ ಜನವರಿಯ ಸರಾಸರಿ ಉಷ್ಣತೆ −೯ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿದೆ. ಕೆನಡಾದ ವಿನಿಪೆಗ್‌ನಲ್ಲಿ −೧೬ರ ಆಸುಪಾಸಿನಲ್ಲಿದೆ. ಸರಾಸರಿಗಿಂತಲೂ ಕನಿಷ್ಠಗಳೇ ಇಲ್ಲಿ ಮುಖ್ಯ. ೨೦೧೯ರ ಜನವರಿ ೩೦ರಂದು ಮಿನಿಯಾಪೊಲಿಸ್‌ನ ಉಷ್ಣತೆ ಫ್ಯಾರನ್‌ಹೀಟ್ ಮಾನದಲ್ಲಿ −೨೮ಕ್ಕೆ, ಎಂದರೆ ನಮ್ಮ ಮಾನದಲ್ಲಿ ಸುಮಾರು −೩೩ ಡಿಗ್ರಿಗೆ ಇಳಿದಿತ್ತು.

ಹವಾವರ್ತಮಾನಗಳಲ್ಲಿ ಉಷ್ಣತೆಯೊಡನೆ ‘ಗಾಳಿಚಳಿ’ ಎಂಬ ಇನ್ನೊಂದು ಅಂಕಿಯನ್ನೂ ಹೇಳುವುದುಂಟು. ಗಾಳಿ ಬೀಸುವಾಗ ಮನುಷ್ಯನ ಮೈ ಎಷ್ಟು ಬೇಗ ಉಷ್ಣವನ್ನು ಕಳೆದುಕೊಳ್ಳುತ್ತದೆಂಬುದರ ಅಳತೆಯದು. ಗಾಳಿಯು ಕ್ಯಾಮರಾವನ್ನು ಬೇಗ ತಣಿಸಬಲ್ಲುದು. ಆದರೆ ಸುತ್ತಲಿನ ವಾಯುವಿನ ಉಷ್ಣತೆಗಿಂತ ಕೆಳಕ್ಕೆ ಇಳಿಸಲಾರದು. ಆದ್ದರಿಂದ ಕ್ಯಾಮರಾದ ವಿಷಯದಲ್ಲಿ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ಉಷ್ಣಮಾಪಕದ ಅಂಕಿಯನ್ನು.

ಪೆಟ್ಟಿಗೆಯ ಮೇಲೆ ‘ಐಪಿ ೬೫’ ಅಥವಾ ‘ಐಪಿ ೬೭’ ಎಂಬ ಗುರುತನ್ನು ಕಂಡು, ಇದು ಎಲ್ಲ ಹವೆಗೂ ಒಗ್ಗುವಂಥದೆಂದು ಗ್ರಾಹಕರು ತಿಳಿಯುತ್ತಾರೆ. ಆ ಗುರುತಿನ ಮೊದಲನೆಯ ಅಂಕಿ ಧೂಳಿನ ತಡೆಯನ್ನೂ ಎರಡನೆಯದು ನೀರಿನ ತಡೆಯನ್ನೂ ಸೂಚಿಸುತ್ತದೆ. ಉಷ್ಣತೆಯ ವಿಷಯವನ್ನು ಅದು ಹೇಳುವುದೇ ಇಲ್ಲ. ಯಾವ ಉಷ್ಣತೆಯವರೆಗೆ ಯಂತ್ರ ನಡೆಯಬಲ್ಲುದೆಂಬುದನ್ನು ವಿವರಣ ಪತ್ರದಲ್ಲಿ ಬೇರೆಯಾಗಿ ಹುಡುಕಬೇಕು.

೨. ಬ್ಯಾಟರಿಯ ಮೌನ

ಇಂದಿನ ತಂತಿರಹಿತ ಕ್ಯಾಮರಾಗಳಲ್ಲಿ ಬಹುಪಾಲು ಲಿಥಿಯಮ್-ಅಯಾನು ಕೋಶಗಳಿಂದ ನಡೆಯುವಂಥವು. ೧೯೯೧ರಲ್ಲಿ ಮಾರುಕಟ್ಟೆಗೆ ಬಂದ ಈ ಕೋಶದ ರಚನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಕೋಶವು ಶಕ್ತಿ ಕೊಡುವಾಗ ಲಿಥಿಯಮ್ ಅಯಾನುಗಳು ಗ್ರಾಫೈಟಿನ ಪದರಗಳಿಂದ ಹೊರಟು, ವಿದ್ಯುದ್ವಿಭಾಜ್ಯ ದ್ರವವನ್ನು ದಾಟಿ, ಎದುರಿನ ವಿದ್ಯುದ್ವಾರದ ಹರಳುಗಳೊಳಗೆ ಸೇರುತ್ತವೆ. ಶಕ್ತಿ ತುಂಬುವಾಗ ಇದೇ ಪ್ರಯಾಣ ಹಿಮ್ಮುಖವಾಗಿ ನಡೆಯುತ್ತದೆ. ಚಳಿಯಲ್ಲಿ ದ್ರವವು ಮಂದವಾಗುತ್ತದೆ. ಅಯಾನುಗಳ ಚಲನೆ ನಿಧಾನಿಸುತ್ತದೆ. ವಿದ್ಯುದ್ವಾರದ ಮೇಲ್ಮೈಯನ್ನು ದಾಟುವ ಕ್ರಿಯೆಯಂತೂ, ಸ್ವೀಡನ್ನಿನ ಅರ್ಹೇನಿಯಸ್ ೧೮೮೯ರಲ್ಲಿ ನಿರೂಪಿಸಿದ ನಿಯಮದಂತೆ, ಉಷ್ಣತೆ ಇಳಿದಷ್ಟೂ ತೀವ್ರವಾಗಿ ಕುಗ್ಗುತ್ತದೆ. ಇವೆಲ್ಲದರ ಒಟ್ಟು ಪರಿಣಾಮ ಹೊರಗಿನಿಂದ ನೋಡುವವರಿಗೆ ಒಂದೇ ರೂಪದಲ್ಲಿ ಕಾಣುತ್ತದೆ: ಕೋಶದ ಆಂತರಿಕ ರೋಧ ಹೆಚ್ಚುತ್ತದೆ.

ಒಂದು ಉದಾಹರಣೆಯ ಲೆಕ್ಕವನ್ನು ನೋಡೋಣ. ಕೋಶದ ವಿದ್ಯುಚ್ಚಾಲಕ ಬಲ ೩.೮ ವೋಲ್ಟ್ ಎಂದೂ, ೩.೨ ವೋಲ್ಟಿಗಿಂತ ಕೆಳಗಿಳಿದರೆ ಕ್ಯಾಮರಾ ತಾನಾಗಿ ನಿಂತುಬಿಡುತ್ತದೆಂದೂ ಇಟ್ಟುಕೊಳ್ಳೋಣ. ಕೊಠಡಿಯ ಉಷ್ಣತೆಯಲ್ಲಿ ಆಂತರಿಕ ರೋಧ ೦.೧೫ ಓಮ್ ಇರಲಿ. ಕೊರೆಯುವ ಚಳಿಯಲ್ಲಿ ಅದು ೦.೯ ಓಮ್‌ಗೆ ಏರಲಿ. ಕ್ಯಾಮರಾ ನಿದ್ರೆಯಲ್ಲಿರುವಾಗ ಎಳೆಯುವ ಪ್ರವಾಹ ಒಂದು ಮಿಲಿಆಂಪಿಯರಿನಷ್ಟು ಅಲ್ಪ. ಆಗ ಒಳಗೂ ಹೊರಗೂ ವೋಲ್ಟೇಜು ೩.೮ ಆಗಿಯೇ ಇರುತ್ತದೆ. ಇನ್ನು ಯಾರೋ ಗುಂಡಿಯನ್ನು ಒತ್ತುತ್ತಾರೆ. ಆ ಕ್ಷಣದಲ್ಲಿ ಸಂಸ್ಕಾರಕ ಎಚ್ಚರಗೊಳ್ಳಬೇಕು, ಚಿತ್ರ ತೆಗೆಯಬೇಕು, ದೀಪಗಳು ಹೊತ್ತಬೇಕು, ರೇಡಿಯೊ ಅಲೆಗಳು ಹೊರಡಬೇಕು. ಪ್ರವಾಹ ಒಮ್ಮೆಲೆ ೦.೮ ಆಂಪಿಯರಿಗೆ ಏರಿತೆನ್ನೋಣ. ಒಳಗಿದ್ದರೆ ಕುಸಿತ ೦.೧೨ ವೋಲ್ಟ್, ಉಳಿಯುವುದು ೩.೬೮. ಯಂತ್ರ ನಡೆಯುತ್ತದೆ. ಹೊರಗೆ ಕುಸಿತ ೦.೭೨ ವೋಲ್ಟ್, ಉಳಿಯುವುದು ೩.೦೮. ಯಂತ್ರ ನಿಲ್ಲುತ್ತದೆ.

ನಮ್ಮ ಮಿತ್ರರ ಒಗಟು ಇಲ್ಲಿಗೆ ಬಿಡಿಸಿದಂತಾಯಿತು. ಶಕ್ತಿ ಕೋಶದೊಳಗೆ ಇತ್ತು. ಅದನ್ನು ಬೇಕಾದ ವೇಗದಲ್ಲಿ ಹೊರಗೆ ತರುವ ದಾರಿ ಮಾತ್ರ ಕಿರಿದಾಗಿತ್ತು. ನಿದ್ರಿಸುತ್ತಿರುವ ಯಂತ್ರದ ವೋಲ್ಟೇಜನ್ನು ನೋಡಿ ‘ಅರುವತ್ತು ಪಾಲು ಇದೆ’ ಎಂದು ತೋರಿಸುವ ಮಾಪಕವು ಸುಳ್ಳು ಹೇಳಿರಲಿಲ್ಲ. ನಮಗೆ ಬೇಕಾದ ಪ್ರಶ್ನೆಗೆ ಅದು ಉತ್ತರಿಸಿರಲಿಲ್ಲ, ಅಷ್ಟೆ. ಇಂಥ ಕ್ಯಾಮರಾಗಳಲ್ಲಿ ಯಂತ್ರವು ನಮಗೆ ಬೇಕಾಗುವ ಗಳಿಗೆಯೇ ಕೋಶದ ಮೇಲೆ ಹೆಚ್ಚಿನ ಭಾರ ಬೀಳುವ ಗಳಿಗೆಯೂ ಆಗಿದೆಯೆಂಬುದನ್ನು ಮರೆಯಬಾರದು.

ಕೋಶವು ತಣ್ಣಗಿರುವಾಗ ಶಕ್ತಿ ಕೊಡುವುದಕ್ಕಿಂತಲೂ ಶಕ್ತಿ ತುಂಬಿಸಿಕೊಳ್ಳುವುದು ಕಷ್ಟ. ಸಾಮಾನ್ಯ ಲಿಥಿಯಮ್-ಅಯಾನು ಕೋಶಗಳು −೨೦ ಡಿಗ್ರಿಯವರೆಗೆ ಶಕ್ತಿ ಕೊಡಬಹುದಾದರೂ, ಅವುಗಳಿಗೆ ಶಕ್ತಿ ತುಂಬುವುದು ಸೊನ್ನೆ ಡಿಗ್ರಿಗಿಂತ ಮೇಲೆ ಮಾತ್ರ ತಕ್ಕುದು. ಅದಕ್ಕಿಂತ ಕೆಳಗೆ ಅಯಾನುಗಳು ಗ್ರಾಫೈಟಿನೊಳಕ್ಕೆ ಸೇರಲಾರದೆ ಅದರ ಮೇಲ್ಮೈಯಲ್ಲಿ ಲೋಹವಾಗಿ ಕೂಡಿಕೊಳ್ಳುತ್ತವೆ. ಕೋಶದ ಸಾಮರ್ಥ್ಯ ಶಾಶ್ವತವಾಗಿ ಕುಂದುತ್ತದೆ. ಲೋಹದ ಮುಳ್ಳುಗಳು ಬೆಳೆದು ಒಳಗೇ ಸಂಪರ್ಕ ಉಂಟಾಗಿ ಬೆಂಕಿಯ ಅಪಾಯವೂ ಇದೆ. ಆದಕಾರಣ ಒಳ್ಳೆಯ ಯಂತ್ರಗಳಲ್ಲಿ ಚಳಿಯಲ್ಲಿ ಶಕ್ತಿ ತುಂಬದಂತೆ ತಡೆಯಿರುತ್ತದೆ. ಸೌರಫಲಕವನ್ನು ಜೋಡಿಸಿದವರು ‘ಬಿಸಿಲಿದ್ದರೂ ಬ್ಯಾಟರಿ ಏರುತ್ತಿಲ್ಲ’ ಎಂದು ದೂರುವುದಕ್ಕೆ ಇದು ಒಂದು ಕಾರಣ. ಉತ್ತರದ ಆ ಅಕ್ಷಾಂಶಗಳಲ್ಲಿ ಚಳಿಗಾಲದ ಹಗಲು ಮೊಟಕು, ಸೂರ್ಯನು ದಿಗಂತಕ್ಕೆ ಸಮೀಪ, ಫಲಕದ ಮೇಲೆ ಹಿಮದ ಹೊದಿಕೆ ಎಂಬವು ಉಳಿದ ಕಾರಣಗಳು. ತಂತಿಯ ಜೋಡಣೆಯಿದ್ದರೂ ಒಳಗಿನ ಕೋಶದಿಂದಲೇ ನಡೆಯುವ ಕೆಲವು ಕರೆಗಂಟೆಗಳಿವೆ. ತಂತಿಯ ಕೆಲಸ ಆ ಕೋಶವನ್ನು ಮೆಲ್ಲಗೆ ತುಂಬುತ್ತಿರುವುದಷ್ಟೆ. ಹೀಗಾಗಿ ತಂತಿಯಲ್ಲಿ ವಿದ್ಯುತ್ತಿದ್ದೂ ದೀರ್ಘವಾದ ಚಳಿಯಲ್ಲಿ ಅವು ಬರಿದಾಗುತ್ತವೆ.

ಪರಿಹಾರಗಳು ಮೇಲಿನ ವಿವರಣೆಯಿಂದಲೇ ಹೊರಡುತ್ತವೆ. ಚಳಿಯ ಮುನ್ಸೂಚನೆ ಬಂದೊಡನೆ ಕೋಶವನ್ನು ಪೂರ್ತಿ ತುಂಬಿಡಬೇಕು. ಹೊರಗಿನಿಂದ ತಂದ ಕೋಶವು ಕೊಠಡಿಯ ಉಷ್ಣತೆಗೆ ಬರುವವರೆಗೆ ಕಾದು ಅನಂತರವೇ ಶಕ್ತಿ ತುಂಬಬೇಕು. ಎರಡು ಕೋಶಗಳನ್ನಿಟ್ಟುಕೊಂಡು ಸರದಿಯಂತೆ ಬಳಸುವುದು ಉತ್ತಮ. ಚಿತ್ರಗಳ ಅವಧಿಯನ್ನೂ ಚಲನೆಯ ಸೂಕ್ಷ್ಮತೆಯನ್ನೂ ತಗ್ಗಿಸಿದರೆ ಯಂತ್ರ ಎಚ್ಚರಗೊಳ್ಳುವ ಸಂದರ್ಭಗಳು ಕಡಮೆಯಾಗುತ್ತವೆ. ಸಾಧಾರಣ ಒಣಕೋಶಗಳನ್ನು ಹಾಕುವ ಕ್ಯಾಮರಾಗಳಲ್ಲಿ, ತಯಾರಕರ ಒಪ್ಪಿಗೆಯಿದ್ದರೆ, ಕ್ಷಾರಕೋಶಗಳಿಗೆ ಬದಲಾಗಿ ಲಿಥಿಯಮ್-ಕಬ್ಬಿಣ ಡೈಸಲ್ಫೈಡಿನ ೧.೫ ವೋಲ್ಟ್ ಕೋಶಗಳನ್ನು ಬಳಸಬಹುದು. ಕ್ಷಾರಕೋಶದ ದ್ರವದಲ್ಲಿ ನೀರಿರುವುದರಿಂದ ಅದು ಚಳಿಯಲ್ಲಿ ಬೇಗ ಸೋಲುತ್ತದೆ. ಲಿಥಿಯಮ್ ಕೋಶವಾದರೋ −೪೦ ಡಿಗ್ರಿಯವರೆಗೆ ಕೆಲಸಮಾಡುವಂಥದು. ಆದರೆ ಇದು ಒಮ್ಮೆ ಬಳಸಿ ಎಸೆಯತಕ್ಕದ್ದು. ಇದಕ್ಕೆ ಮತ್ತೆ ಶಕ್ತಿ ತುಂಬಲೆತ್ನಿಸಬಾರದು.

ಕ್ಯಾಮರಾಕ್ಕೆ ಉಣ್ಣೆಯ ಹೊದಿಕೆ ಹಾಕಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಕಂಬಳಿಯು ಉಷ್ಣವನ್ನು ಉಂಟುಮಾಡುವುದಿಲ್ಲ. ಒಳಗೆ ಹುಟ್ಟಿದ ಉಷ್ಣವನ್ನು ಹಿಡಿದಿಡುತ್ತದೆ. ತಂತಿಯಿಂದ ನಡೆದು ಸದಾ ಎಚ್ಚರವಾಗಿರುವ ಕ್ಯಾಮರಾ ಐದು ವಾಟ್ ಉಷ್ಣವನ್ನು ಹೊರಬಿಡುತ್ತದೆಂದೂ, ಅದರ ಕವಚವು ವಾಟಿಗೆ ಮೂರು ಡಿಗ್ರಿಯಂತೆ ಉಷ್ಣವನ್ನು ತಡೆಹಿಡಿಯುತ್ತದೆಂದೂ ಭಾವಿಸಿದರೆ, ಒಳಗಿನ ಉಷ್ಣತೆ ಹೊರಗಿಗಿಂತ ೧೫ ಡಿಗ್ರಿ ಹೆಚ್ಚಿರುತ್ತದೆ. ನಿದ್ರಿಸುವ ಬ್ಯಾಟರಿ ಕ್ಯಾಮರಾದಲ್ಲಿ ಹುಟ್ಟುವ ಉಷ್ಣ ಕೆಲವೇ ಮಿಲಿವಾಟ್. ಅದಕ್ಕೆ ಎಷ್ಟು ಕಂಬಳಿ ಹೊದಿಸಿದರೂ ತಣ್ಣಗಾಗುವ ಹೊತ್ತು ತುಸು ಮುಂದಕ್ಕೆ ಹೋದೀತೇ ವಿನಾ ತಣ್ಣಗಾಗುವುದು ತಪ್ಪದು.

೩. ತಂತಿಯಿಂದ ನಡೆಯುವ ಕ್ಯಾಮರಾ

ತಂತಿಯಿರುವ ಕ್ಯಾಮರಾಗಳಲ್ಲಿ ತೊಂದರೆ ಬೇರೆ ರೀತಿಯದು. ಹಗಲೆಲ್ಲ ಸರಿಯಾಗಿದ್ದು, ಕತ್ತಲಾದೊಡನೆ ನಿಂತು ಮತ್ತೆ ಆರಂಭವಾಗಿ ಮತ್ತೆ ನಿಲ್ಲುವ ಕ್ಯಾಮರಾವನ್ನು ಎಣಿಸಿಕೊಳ್ಳೋಣ. ೧೨ ವೋಲ್ಟಿನ ಮೂಲದಿಂದ ೩೦ ಮೀಟರು ದೂರದ ಕ್ಯಾಮರಾಕ್ಕೆ ಅರ್ಧ ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿ ಎಳೆದಿದ್ದರೆ, ಹೋಗಿಬರುವ ೬೦ ಮೀಟರಿನ ರೋಧ ೨೦ ಡಿಗ್ರಿಯಲ್ಲಿ ಸುಮಾರು ೨.೧ ಓಮ್. ಹಗಲಿನ ಪ್ರವಾಹ ೦.೪ ಆಂಪಿಯರ್ ಆದರೆ ದಾರಿಯಲ್ಲಿ ಕಳೆಯುವುದು ಸುಮಾರು ೦.೮ ವೋಲ್ಟ್. ರಾತ್ರಿ ದೀಪಗಳೂ ಒಳಗಿನ ಬಿಸಿಕಾರಕವೂ ಸೇರಿ ಪ್ರವಾಹ ೧.೨ ಆಂಪಿಯರ್ ಆಯಿತೆನ್ನೋಣ. ಆಗ ಕಳೆಯುವುದು ೨.೫ ವೋಲ್ಟ್, ಕ್ಯಾಮರಾಕ್ಕೆ ಸಿಕ್ಕುವುದು ೯.೫. ತಾಮ್ರದ ರೋಧವು ಚಳಿಯಲ್ಲಿ ಕಡಮೆಯಾಗುತ್ತದೆಯೆಂದು ವಿದ್ಯಾರ್ಥಿಗಳು ಆಕ್ಷೇಪಿಸಬಹುದು. ಅದು ಸರಿಯೇ: −೩೦ ಡಿಗ್ರಿಯಲ್ಲಿ ರೋಧ ಐದರಲ್ಲೊಂದು ಪಾಲು ಇಳಿದು ೧.೭ ಓಮಿನಷ್ಟಾಗುತ್ತದೆ. ಆದರೂ ಎರಡು ವೋಲ್ಟಿನಷ್ಟು ದಾರಿಯಲ್ಲೇ ಹೋಗುತ್ತದೆ. ಚಳಿಯು ತಂತಿಯ ರೋಧದಲ್ಲಿ ಮಾಡಿಕೊಟ್ಟ ಉಳಿತಾಯಕ್ಕಿಂತ ಬಿಸಿಕಾರಕದ ಖರ್ಚು ಹೆಚ್ಚಿನದು. ದಪ್ಪ ತಂತಿ ಹಾಕುವುದೇ ಪರಿಹಾರ.

ಜಾಲದ ತಂತಿಯಲ್ಲಿಯೇ ವಿದ್ಯುತ್ತನ್ನೂ ಕಳುಹಿಸುವ ಪದ್ಧತಿಯಲ್ಲಿ ಇದೇ ಪ್ರಶ್ನೆ ವಾಟುಗಳ ರೂಪದಲ್ಲಿ ಬರುತ್ತದೆ. ೨೦೦೩ರ ಪ್ರಮಾಣದಂತೆ ಮೂಲದಿಂದ ೧೫.೪ ವಾಟ್ ಹೊರಟರೆ ಉಪಕರಣಕ್ಕೆ ದೊರೆಯುವುದೆಂದು ಭರವಸೆಯಿರುವುದು ೧೨.೯೫ ವಾಟ್, ೨೦೦೯ರ ಪ್ರಮಾಣದಂತೆ ಈ ಅಂಕಿಗಳು ೩೦ ಮತ್ತು ೨೫.೫. ಬಿಸಿಕಾರಕವುಳ್ಳ ಕ್ಯಾಮರಾವನ್ನು ಹಳೆಯ ಪ್ರಮಾಣದ ಮೂಲಕ್ಕೆ ಜೋಡಿಸಿದರೆ ಬೇಸಗೆಯಲ್ಲಿ ಕಾಣದ ದೋಷ ಮೊದಲ ಚಳಿಯಲ್ಲಿ ಕಾಣುತ್ತದೆ.

ಇಲ್ಲಿ ಮುಖ್ಯವಾದ ಎಚ್ಚರಿಕೆಯೊಂದನ್ನು ಹೇಳಬೇಕು. ಯಂತ್ರವು ತಪ್ಪಿ ನಡೆದಾಗ ಅದನ್ನು ಆರಿಸಿ ಮತ್ತೆ ಹಚ್ಚುವುದು ಎಲ್ಲರಿಗೂ ತಿಳಿದ ಮೊದಲ ಚಿಕಿತ್ಸೆ. ಕಡುಚಳಿಯಲ್ಲಿ ಅದೇ ಚಿಕಿತ್ಸೆ ರೋಗವಾಗಬಹುದು. ನಡೆಯುತ್ತಿರುವ ಕ್ಯಾಮರಾ ತನ್ನ ಉಷ್ಣದಿಂದಲೇ ತಾನು ಬೆಚ್ಚಗಿರುತ್ತದೆ. ಆರಿಸಿದ ಮೇಲೆ ಒಳಭಾಗಗಳೆಲ್ಲ ಹೊರಗಿನ ಉಷ್ಣತೆಗೆ ಇಳಿಯುತ್ತವೆ. ವಿದ್ಯುತ್ ಮಂಡಲದಲ್ಲಿನ ದ್ರವಯುಕ್ತ ಧಾರಕಗಳ ಧಾರಣೆ ಆಗ ತಗ್ಗಿ ಅವುಗಳ ಒಳರೋಧ ಏರುತ್ತದೆ. ವೋಲ್ಟೇಜು ಸ್ಥಿರವಾಗಿ ನಿಲ್ಲದೆ ಯಂತ್ರವು ಆರಂಭವಾಗಲಾರದೆ ಹೋಗಬಹುದು. ಈ ಕಾರಣದಿಂದಲೇ ಕೆಲವು ತಯಾರಕರು ‘ನಡೆಯುವ ಕನಿಷ್ಠ ಉಷ್ಣತೆ’ ಮತ್ತು ‘ಆರಂಭವಾಗುವ ಕನಿಷ್ಠ ಉಷ್ಣತೆ’ ಎಂದು ಎರಡು ಅಂಕಿಗಳನ್ನು ಕೊಡುತ್ತಾರೆ. ಬಿರುಗಾಳಿಯಲ್ಲಿ ಊರಿನ ವಿದ್ಯುತ್ತು ಎರಡು ಗಂಟೆ ಹೋಗಿ ಬಂದ ಮೇಲೆ ಕ್ಯಾಮರಾ ಏಳದಿದ್ದರೆ, ಅದನ್ನು ಕೆಟ್ಟಿತೆಂದು ಎಸೆಯುವ ಮೊದಲು ನಡುಹಗಲಿನವರೆಗೆ ಕಾಯುವುದು ಲೇಸು. ಮನೆಯೊಳಗಿನ ಮೂಲಕ್ಕೆ ತಡೆಯಿಲ್ಲದ ವಿದ್ಯುತ್ ಸರಬರಾಜಿನ ಪೆಟ್ಟಿಗೆಯನ್ನು ಜೋಡಿಸಿಟ್ಟರೆ ಈ ಸಂದರ್ಭವೇ ಬಾರದು.

೪. ಮಂಜು ಕವಿದ ಕಣ್ಣು

ಚಿತ್ರ ಬರುತ್ತದೆ, ಆದರೆ ಹಾಲಿನಲ್ಲಿ ಅದ್ದಿದಂತೆ ಮಸುಕಾಗಿದೆ. ಇದು ನೀರಾವಿಯ ಕೆಲಸ. ೨೦ ಡಿಗ್ರಿಯಲ್ಲಿ ಒಂದು ಘನಮೀಟರು ಗಾಳಿ ಹೆಚ್ಚೆಂದರೆ ೧೭.೩ ಗ್ರಾಮ್ ನೀರಾವಿಯನ್ನು ಹಿಡಿಯಬಲ್ಲುದು. ಸೊನ್ನೆ ಡಿಗ್ರಿಯಲ್ಲಿ ೪.೮ ಗ್ರಾಮ್, −೨೦ ಡಿಗ್ರಿಯಲ್ಲಿ ಒಂದು ಗ್ರಾಮಿನ ಆಸುಪಾಸು ಮಾತ್ರ. ಬೆಚ್ಚನೆಯ ಕೊಠಡಿಯಲ್ಲಿ, ಸಾಪೇಕ್ಷ ಆರ್ದ್ರತೆ ನೂರಕ್ಕೆ ಐವತ್ತಿರುವಾಗ, ಕ್ಯಾಮರಾದ ಮುಚ್ಚಳವನ್ನು ಬಿಗಿದರೆಂದುಕೊಳ್ಳೋಣ. ಒಳಗೆ ೨೦೦ ಘನ ಸೆಂಟಿಮೀಟರು ಗಾಳಿಯಿದ್ದರೆ ಅದರೊಡನೆ ಸುಮಾರು ೧.೭ ಮಿಲಿಗ್ರಾಮ್ ನೀರಾವಿಯೂ ಸೆರೆಯಾಗುತ್ತದೆ. ಈ ಗಾಳಿಯ ಇಬ್ಬನಿ ಬಿಂದು ಸುಮಾರು ೯ ಡಿಗ್ರಿ. ಹೊರಗೆ −೨೦ ಡಿಗ್ರಿಯಲ್ಲಿ ತೂಗುಹಾಕಿದಾಗ ಒಂದೂವರೆ ಮಿಲಿಗ್ರಾಮಿನಷ್ಟು ನೀರು ಹೊರಬಂದು, ಎಲ್ಲಕ್ಕಿಂತ ತಣ್ಣಗಿರುವ ಮೇಲ್ಮೈಯ ಮೇಲೆ, ಎಂದರೆ ಮುಂದಿನ ಗಾಜಿನ ಮೇಲೆ ಕೂರುತ್ತದೆ. ಒಂದೂವರೆ ಮಿಲಿಗ್ರಾಮ್ ಎಷ್ಟರದು ಎನ್ನಬಹುದು. ೨೦ ಚದರ ಸೆಂಟಿಮೀಟರಿನ ಗಾಜಿನ ಮೇಲೆ ಸಮನಾಗಿ ಹರಡಿದರೂ ಅದರ ದಪ್ಪ ಮುಕ್ಕಾಲು ಮೈಕ್ರಾನ್. ಬೆಳಕಿನ ತರಂಗಾಂತರದ ಮಟ್ಟದ್ದು. ಅದು ಹನಿಹನಿಯಾಗಿ ಅಥವಾ ಹರಳುಗಳಾಗಿ ನಿಲ್ಲುವುದರಿಂದ ಬೆಳಕನ್ನು ಚೆದರಿಸಲು ಧಾರಾಳವಾಗಿ ಸಾಕು.

ಆದ್ದರಿಂದ ಕ್ಯಾಮರಾವನ್ನು ಒಣಗಾಳಿಯಲ್ಲಿ ಮುಚ್ಚಬೇಕು. ವಿಚಿತ್ರವೆಂಬಂತೆ, ಚಳಿಗಾಲದ ಹೊರಗಾಳಿಗಿಂತ ಒಣಗಾಳಿ ಬೇರೆ ಸಿಕ್ಕದು. ಒಳಗೆ ಸಿಲಿಕಾ ಜೆಲ್ಲಿನ ಪುಟ್ಟ ಚೀಲವೊಂದನ್ನಿಟ್ಟು, ತಂತಿ ಒಳಹೋಗುವ ರಂಧ್ರವನ್ನೂ ರಬ್ಬರಿನ ಬಳೆಯನ್ನೂ ಪರೀಕ್ಷಿಸಬೇಕು. ತಣ್ಣಗಿರುವ ಕ್ಯಾಮರಾವನ್ನು ಒಳಗೆ ತರುವಾಗ ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ತರಬೇಕು. ಕೊಠಡಿಯ ಆವಿ ಚೀಲದ ಹೊರಮೈ ಮೇಲೆ ನೀರಾಗುತ್ತದೆಯೇ ಹೊರತು ಯಂತ್ರದ ಮೇಲಲ್ಲ. ಪೂರ್ತಿ ಬೆಚ್ಚಗಾದ ಮೇಲೆಯೇ ಚೀಲವನ್ನು ಬಿಚ್ಚಬೇಕು. ಆಗುಂಬೆ, ಮಡಿಕೇರಿಗಳ ಮಳೆಗಾಲದಲ್ಲಿ ಕ್ಯಾಮರಾಗಳ ಗಾಜು ಮಸುಕಾಗುವುದೂ ಇದೇ ನಿಯಮದಿಂದ. ಅಲ್ಲಿ ಇಬ್ಬನಿ ಬಿಂದು ಮೇಲೇರಿ ಗಾಜಿನ ಉಷ್ಣತೆಯನ್ನು ಮುಟ್ಟುತ್ತದೆ, ಇಲ್ಲಿ ಗಾಜಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕೆಳಗಿಳಿಯುತ್ತದೆ.

ಮಸುಕು ಗಾಜಿನ ಹೊರಮೈ ಮೇಲಿದ್ದರೆ ಕಾರಣ ಬೇರೆ. ಮೋಡವಿಲ್ಲದ ರಾತ್ರಿಗಳಲ್ಲಿ ಆಕಾಶಕ್ಕೆ ತೆರೆದ ವಸ್ತುಗಳು ವಿಕಿರಣದಿಂದ ಉಷ್ಣ ಕಳೆದುಕೊಂಡು ಗಾಳಿಗಿಂತ ಕೆಲವು ಡಿಗ್ರಿ ಹೆಚ್ಚು ತಣ್ಣಗಾಗುತ್ತವೆ. ವಿಲಿಯಂ ಚಾರ್ಲ್ಸ್ ವೆಲ್ಸ್ ೧೮೧೪ರಲ್ಲಿ ಇಬ್ಬನಿಯ ಕುರಿತು ಬರೆದ ಪ್ರಬಂಧದಲ್ಲಿ ಈ ಸಂಗತಿಯನ್ನು ವಿವರಿಸಿದನು. ಬಯಲ ಹುಲ್ಲಿನ ಮೇಲೆ ಇಬ್ಬನಿ ಬಿದ್ದು ಮರದಡಿಯ ಹುಲ್ಲು ಒಣಗಿರುವುದನ್ನು ನಮ್ಮ ರೈತರೆಲ್ಲ ಕಂಡಿದ್ದಾರೆ. ಕ್ಯಾಮರಾವನ್ನು ಸೂರಿನಡಿಯಲ್ಲಿಡುವುದು ಮಳೆಗೆ ಮಾತ್ರವಲ್ಲ, ಆಕಾಶಕ್ಕೂ ಮರೆ. ಕೂತ ಹಿಮವನ್ನು ಮೃದುವಾದ ಕುಂಚದಿಂದ ತೆಗೆಯಬೇಕು. ಬಿಸಿನೀರು ಸುರಿಯುವುದು ಕೂಡದು. ಗಾಜು ಬಿರಿಯಬಹುದು, ನೀರು ಮತ್ತೆ ಹೆಪ್ಪುಗಟ್ಟುವುದಂತೂ ಖಂಡಿತ.

೫. ರಾತ್ರಿಯ ನೋಟ

ಕತ್ತಲಲ್ಲಿ ಈ ಕ್ಯಾಮರಾಗಳು ೮೫೦ ಅಥವಾ ೯೪೦ ನ್ಯಾನೊಮೀಟರು ತರಂಗಾಂತರದ ಅವಕೆಂಪು ದೀಪಗಳಿಂದ ನೋಡುತ್ತವೆ. ದೀಪಗಳು ಮಸೂರದ ಪಕ್ಕದಲ್ಲಿಯೇ ಇರುವುದರಿಂದ, ಹಿಮ ಬೀಳುವಾಗ ಸಮೀಪದ ಹಿಮದ ಹಳಕುಗಳು ಪ್ರಖರವಾಗಿ ಬೆಳಗಿ ಚಿತ್ರದಲ್ಲಿ ಬಿಳಿಯ ಗೆರೆಗಳಾಗುತ್ತವೆ. ಕ್ಯಾಮರಾ ಅದನ್ನೇ ದೃಶ್ಯದ ಬೆಳಕೆಂದೆಣಿಸಿ ತನ್ನ ಕಣ್ಣನ್ನು ಕಿರಿದುಗೊಳಿಸುತ್ತದೆ. ದೂರದ ಬಾಗಿಲು ಕತ್ತಲಲ್ಲಿ ಮುಳುಗುತ್ತದೆ. ಒಳದೀಪಗಳನ್ನು ಆರಿಸಿ, ಎರಡು ಮೂರು ಮೀಟರು ದೂರದಲ್ಲಿ ಬೇರೊಂದು ಅವಕೆಂಪು ದೀಪವನ್ನಿಟ್ಟರೆ ಈ ತೊಂದರೆ ಬಹುಮಟ್ಟಿಗೆ ಕಳೆಯುತ್ತದೆ.

ಹಗಲಿನ ಚಿತ್ರ ನಸುಗೆಂಪಾಗಿದ್ದರೆ, ಅವಕೆಂಪನ್ನು ತಡೆಯುವ ಸೋಸುಗಾಜು ಸಿಕ್ಕಿಕೊಂಡಿದೆಯೆಂದು ಊಹಿಸಬಹುದು. ಹಗಲಲ್ಲಿ ಸಂವೇದಕದ ಮುಂದೆ ನಿಂತು ರಾತ್ರಿ ಪಕ್ಕಕ್ಕೆ ಸರಿಯುವ ಈ ಗಾಜನ್ನು ಒಂದು ಸಣ್ಣ ವಿದ್ಯುತ್ಕಾಂತವು ನಡೆಸುತ್ತದೆ. ಚಳಿಯಲ್ಲಿ ಅದು ಬಿಗಿದುಕೊಳ್ಳುವುದುಂಟು. ಹಗಲು-ರಾತ್ರಿಗಳ ಬದಲಾವಣೆಯನ್ನು ಕೈಯಿಂದ ಕೆಲವು ಬಾರಿ ಮಾಡಿ, ‘ಟಿಕ್’ ಎಂಬ ಸಣ್ಣ ಸದ್ದು ಕೇಳುತ್ತದೆಯೇ ಎಂದು ನೋಡಬೇಕು. ಚಿತ್ರಸಂವೇದಕವು ಮಾತ್ರ ಚಳಿಯನ್ನು ಬಯಸುವ ಭಾಗ: ಅದರ ಕತ್ತಲ ಪ್ರವಾಹ ಉಷ್ಣತೆಯೊಡನೆ ತಗ್ಗುವುದರಿಂದ ಚಿತ್ರದ ಚುಕ್ಕೆಗಳು ಕಡಮೆಯಾಗುತ್ತವೆ.

೬. ಚಲನೆಯನ್ನರಿಯುವ ಅಂಗ

ಬ್ಯಾಟರಿ ಕ್ಯಾಮರಾವನ್ನು ಎಚ್ಚರಗೊಳಿಸುವುದು ಮೈಯ ಉಷ್ಣವಿಕಿರಣವನ್ನು ಗುರುತಿಸುವ ಸಂವೇದಕ. ಚರ್ಮದ ಉಷ್ಣತೆ ೩೨ ಡಿಗ್ರಿಯಾದರೆ, ವೀನ್‌ನ ನಿಯಮದಂತೆ ಅದರ ವಿಕಿರಣವು ೯.೫ ಮೈಕ್ರಾನಿನ ಬಳಿ ಗರಿಷ್ಠವಾಗಿರುತ್ತದೆ. ಸಂವೇದಕವು ನೋಡುವುದು ಮೈಗೂ ಹಿನ್ನೆಲೆಗೂ ಇರುವ ವ್ಯತ್ಯಾಸವನ್ನು. ಕಲಬುರಗಿಯ ಬೇಸಗೆಯಲ್ಲಿ ಗೋಡೆಯೂ ಮೈಯಷ್ಟೇ ಕಾದಿರುವಾಗ ಅದಕ್ಕೆ ಮನುಷ್ಯನು ಕಾಣುವುದು ಕಷ್ಟ. ಚಳಿದೇಶದಲ್ಲಿ ವ್ಯತ್ಯಾಸ ಹೆಚ್ಚಾಗಿ ಕೆಲಸ ಸುಲಭವಾಗಬೇಕಲ್ಲವೇ? ಆದರೆ ಅಲ್ಲಿ ಮನುಷ್ಯನು ದಪ್ಪನೆಯ ಉಡುಪಿನಲ್ಲಿ ಹುದುಗಿರುತ್ತಾನೆ. ಉಡುಪಿನ ಹೊರಮೈ ಗಾಳಿಯಷ್ಟೇ ತಣ್ಣಗಿರುತ್ತದೆ. ತೆರೆದಿರುವುದು ಮುಖ ಮಾತ್ರ. ಸಂವೇದಕದ ಮುಂದಿನ ಪ್ಲಾಸ್ಟಿಕ್ ಮಸೂರದ ಮೇಲೆ ಹಿಮ ಕಟ್ಟಿದರಂತೂ ಅದು ಕುರುಡು. ಏಕೆಂದರೆ ಹತ್ತು ಮೈಕ್ರಾನಿನ ವಿಕಿರಣಕ್ಕೆ ಮಂಜುಗಡ್ಡೆ ಅಪಾರದರ್ಶಕ.

ಕಿಟಕಿಯ ಗಾಜೂ ಈ ವಿಕಿರಣಕ್ಕೆ ಅಪಾರದರ್ಶಕವೇ. ಚಳಿಗೆ ಹೆದರಿ ಕ್ಯಾಮರಾವನ್ನು ಕಿಟಕಿಯ ಒಳಗಡೆ ಇಡುವವರು ಇದನ್ನು ಅರಿತಿರಬೇಕು. ಅಲ್ಲಿಂದ ಹಗಲಿನ ಚಿತ್ರ ಚೆನ್ನಾಗಿ ಬರುತ್ತದೆ. ಆದರೆ ಹೊರಗೆ ನಡೆದಾಡುವವರ ಉಷ್ಣ ಒಳಕ್ಕೆ ಬಾರದು, ರಾತ್ರಿಯ ದೀಪಗಳು ಗಾಜಿನಲ್ಲಿಯೇ ಪ್ರತಿಫಲಿಸಿ ಚಿತ್ರವನ್ನು ಬೆಳ್ಳಗಾಗಿಸುತ್ತವೆ.

೭. ಪರೀಕ್ಷೆಯ ಕ್ರಮ

ದೋಷ ಶೋಧನೆಯಲ್ಲಿ ಮೊದಲ ಉಪಕರಣ ದಿನಚರಿಯ ಪುಸ್ತಕ. ಯಾವ ಹೊತ್ತಿನಲ್ಲಿ, ಎಷ್ಟು ಉಷ್ಣತೆಯಲ್ಲಿ ಕ್ಯಾಮರಾ ತಪ್ಪಿತೆಂಬುದನ್ನು ಒಂದು ವಾರ ಬರೆದಿಟ್ಟರೆ ಅರ್ಧ ಕೆಲಸವಾದಂತೆ. ಬೆಳಗಿನ ಜಾವದಲ್ಲಿ ತಪ್ಪಿ ನಡುಹಗಲಿಗೆ ಸರಿಹೋದರೆ ಬ್ಯಾಟರಿಯನ್ನು ಶಂಕಿಸಬೇಕು. ಮುಸ್ಸಂಜೆಗೆ ಸರಿಯಾಗಿ ತಪ್ಪಿದರೆ ವಿದ್ಯುತ್ತಿನ ಸರಬರಾಜನ್ನು. ಹಿಮ ಬೀಳುವಾಗ ಮಾತ್ರ ತಪ್ಪಿದರೆ ದೀಪಗಳನ್ನು. ವಿದ್ಯುತ್ತು ಹೋಗಿ ಬಂದ ಮೇಲೆ ತಪ್ಪಿದರೆ ತಣ್ಣನೆಯ ಆರಂಭವನ್ನು. ಚಿತ್ರವು ನೇರವಾಗಿ ಕಂಡು ದಾಖಲೆ ಮಾತ್ರ ತಪ್ಪಿದರೆ ನೆನಪಿನ ಕಾರ್ಡನ್ನು ಶಂಕಿಸಬೇಕು. ಸಾಧಾರಣ ಕಾರ್ಡುಗಳು −೨೫ ಡಿಗ್ರಿಯವರೆಗೆ ಮಾತ್ರ ಹೊಣೆ ಹೊರುತ್ತವೆ.

ಎರಡನೆಯದಾಗಿ, ಭಾರವಿರುವಾಗಲೇ ವೋಲ್ಟೇಜನ್ನು ಅಳೆಯಬೇಕು; ಕ್ಯಾಮರಾದ ತುದಿಯಲ್ಲಿ ಅಳೆಯಬೇಕು; ರಾತ್ರಿಯಲ್ಲಿ ಅಳೆಯಬೇಕು. ಮೂರನೆಯದಾಗಿ, ಯಂತ್ರವನ್ನು ಚೀಲದಲ್ಲಿ ಒಳಗೆ ತಂದು ಬೆಚ್ಚಗಾದ ಮೇಲೆ ಅದೇ ಬ್ಯಾಟರಿ, ಅದೇ ತಂತಿಗಳಿಂದ ನಡೆಸಬೇಕು. ಒಳಗೆ ನಡೆದರೆ ಚಳಿಯೇ ಕಾರಣ; ಒಳಗೂ ನಡೆಯದಿದ್ದರೆ ಅದು ಯಾವ ಋತುವಿನಲ್ಲಾದರೂ ಬರಬಹುದಾದ ದೋಷ. ನಾಲ್ಕನೆಯದಾಗಿ, ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಬೇಕು. ಇವೆಲ್ಲವನ್ನೂ ಹಿಮ ಕಟ್ಟಿದ ಮೆಟ್ಟಿಲ ಮೇಲೆ ಏಣಿಯಿಟ್ಟು ಒಬ್ಬರೇ ಮಾಡಹೋಗಬಾರದು. ಬರಿಗೈಯಿಂದ ಲೋಹವನ್ನು ಮುಟ್ಟಬಾರದು. ಕ್ಯಾಮರಾ ಮರುದಿನದವರೆಗೆ ಕಾಯಬಲ್ಲುದು.

೮. ತರಗತಿಗೆ ಒಂದು ಪ್ರಯೋಗ

ಮೇಲಿನ ಮುಖ್ಯ ಸಂಗತಿಯನ್ನು ನಮ್ಮ ಕಾಲೇಜುಗಳಲ್ಲಿಯೂ ತೋರಿಸಬಹುದು. ಎರಡು ಹೊಸ ಕ್ಷಾರಕೋಶಗಳನ್ನು ತೆಗೆದುಕೊಂಡು ಒಂದನ್ನು ಮೇಜಿನ ಮೇಲೂ ಇನ್ನೊಂದನ್ನು ಶೀತಕ ಪೆಟ್ಟಿಗೆಯ ಮಂಜಿನ ಖಾನೆಯಲ್ಲಿಯೂ ರಾತ್ರಿಯೆಲ್ಲ ಇಡಬೇಕು. ಆ ಖಾನೆಯ ಉಷ್ಣತೆ ಸಾಮಾನ್ಯವಾಗಿ −೧೮ ಡಿಗ್ರಿಯ ಬಳಿಯಿರುತ್ತದೆ. ಹೊರತೆಗೆದೊಡನೆ ಎರಡರ ವೋಲ್ಟೇಜನ್ನೂ ಮೊದಲು ಭಾರವಿಲ್ಲದೆ, ಬಳಿಕ ಎರಡು ಓಮಿನ ರೋಧಕದ ಮೂಲಕ ಕೆಲವು ಸೆಕೆಂಡು ಪ್ರ್ರವಾಹ ಹರಿಸಿ ಅಳೆಯಬೇಕು. ಭಾರವಿಲ್ಲದಾಗ ಎರಡೂ ಬಹುಮಟ್ಟಿಗೆ ಒಂದೇ. ಭಾರವಿರುವಾಗ ತಣ್ಣನೆಯ ಕೋಶದ ಕುಸಿತ ಸ್ಪಷ್ಟವಾಗಿ ಹೆಚ್ಚು. ಎರಡು ಅಳತೆಗಳಿಂದ ಆಂತರಿಕ ರೋಧವನ್ನು ವಿದ್ಯಾರ್ಥಿಗಳೇ ಲೆಕ್ಕಹಾಕಲಿ. ಅದೇ ಕೋಶವನ್ನು ಮೇಜಿನ ಮೇಲಿಟ್ಟು ಗಂಟೆಯ ತರುವಾಯ ಮತ್ತೆ ಅಳೆದರೆ ಅದು ‘ಬದುಕಿ’ ಬರುವುದನ್ನು ಕಾಣಬಹುದು. ಲಿಥಿಯಮ್-ಅಯಾನು ಕೋಶಗಳಿಂದ ಈ ಪ್ರಯೋಗವನ್ನು ತರಗತಿಯಲ್ಲಿ ಮಾಡಬಾರದು. ತಣ್ಣಗಿರುವ ಅಂಥ ಕೋಶಕ್ಕೆ ಶಕ್ತಿ ತುಂಬುವುದಂತೂ ಎಂದಿಗೂ ಕೂಡದು.

ಉಪಸಂಹಾರ

ಕಾವಲು ಕ್ಯಾಮರಾದ ದೋಷಗಳಲ್ಲಿ ಮಿಕ್ಕವುಗಳಿಗಿಂತ ಅಪಾಯಕರವಾದುದು ಅದರ ಮೌನವನ್ನು ನಾವು ಅರ್ಥಮಾಡಿಕೊಳ್ಳುವ ರೀತಿ. ಡಿಸೆಂಬರಿನ ರಜೆಯಲ್ಲಿ ಊರಿಗೆ ಬಂದ ಕುಟುಂಬವು, ತಮ್ಮ ದೂರವಾಣಿಗೆ ಯಾವ ಸಂದೇಶವೂ ಬಾರದಿರಲು, ಅಲ್ಲಿ ಎಲ್ಲವೂ ಕ್ಷೇಮವೆಂದು ತಿಳಿಯುತ್ತದೆ. ಯಾರೂ ಬಾಗಿಲಿಗೆ ಬಾರದಿದ್ದಾಗಲೂ ಸಂದೇಶವಿಲ್ಲ. ಕ್ಯಾಮರಾ ಹೆಪ್ಪುಗಟ್ಟಿದಾಗಲೂ ಸಂದೇಶವಿಲ್ಲ. ಇವೆರಡನ್ನೂ ಬೇರ್ಪಡಿಸಬೇಕಾದರೆ ದಿನಕ್ಕೊಮ್ಮೆ, ಅದೂ ಅಲ್ಲಿಯ ಬೆಳಗಿನ ಜಾವದ ಹೊತ್ತಿನಲ್ಲಿ, ನಾವಾಗಿ ಚಿತ್ರವನ್ನು ಕೇಳಿ ನೋಡಬೇಕು. ಮನೆಯ ಬಿಸಿಕಾರಕ ನಿಂತು ನೀರಿನ ಕೊಳವೆ ಒಡೆಯುವ ಅಪಾಯವಿರುವ ದೇಶದಲ್ಲಿ ಈ ಎಚ್ಚರ ಅತಿಯಾದುದಲ್ಲ.

ನಮ್ಮ ಮಿತ್ರರು ಈಗ ತಂತಿಯಿಂದಲೇ ನಡೆಯುವ ಕ್ಯಾಮರಾವನ್ನು ಸೂರಿನಡಿಯಲ್ಲಿ ಹಾಕಿಸಿದ್ದಾರೆ. ಅದಕ್ಕಿಂತ ಮೊದಲು ಅವರು ಮಾಡಿದ ಕೆಲಸಗಳು ಎರಡು. ಒಳಗಿನ ಗಂಟೆಗೆ ನೇರವಾಗಿ ತಂತಿ ಎಳೆದ ಸಾದಾ ಗುಂಡಿಯೊಂದನ್ನು ಬಾಗಿಲಲ್ಲಿ ಇರಿಸಿದರು; ಮನೆಯ ಬೀಗದ ಕೈಯ ಪ್ರತಿಯೊಂದನ್ನು ಎದುರುಮನೆಯಾಕೆಗೆ ಕೊಟ್ಟರು. ತಾಯಿಯವರು ಮರುವರ್ಷವೂ ಹೋಗಿ ಹಿಮವನ್ನು ನೋಡಿ ಬಂದರು. ಆ ಸಲ ಕೋಟು ತೊಟ್ಟೇ ಹೊರಗೆ ನಿಂತಿದ್ದರೆಂದು ಪತ್ರದಲ್ಲಿತ್ತು.